ಮಾತಾಡಬಾರದ ಕೋಣೆ

ಹೆಸರಘಟ್ಟದ ದಾರಿಯಲ್ಲಿ, ಗ್ರಾನೈಟ್ ಅಂಗಡಿಯ ಹಿಂದೆ,
ಚಪ್ಪಲಿ ಎರಡು ಸಲ ಬಿಡಬೇಕಾದ ಕಟ್ಟಡ.
ಮೊದಲ ಬಾಗಿಲಲ್ಲಿ ಬೀದಿಯದು,
ಎರಡನೆಯದರಲ್ಲಿ ಒಳಗಿನದು,
ಮೂರನೆಯದರಲ್ಲಿ ಮಾತು.

ಬಳೆಯಿಲ್ಲ, ಮುಡಿದ ಹೂವಿಲ್ಲ.
ಹೂಗಿಡ ಮಾಡುವವರು ಹೂ ಮುಡಿಯುವಂತಿಲ್ಲವೇ ಎಂದು
ಮೊದಲ ದಿನ ನಕ್ಕಿದ್ದೆ. ಆಗಿನ್ನೂ ಹೊರಗಿದ್ದೆ.

ಒಳಗೆ ಗಾಳಿ ಒಂದೇ ಸಮ ಎದೆಗೆ ಬಡಿಯುತ್ತದೆ.
ಚಿಮಟ ಸ್ಪಿರಿಟ್ಟಿಗೆ, ಸ್ಪಿರಿಟ್ಟಿನಿಂದ ಉರಿಗೆ,
ಆರುವ ತನಕ ಮನಸ್ಸಿನಲ್ಲೇ ಹತ್ತು ಎಣಿಸಿ
ಇಕ್ಸೋರಾದ ಒಂದು ಗೆಣ್ಣು, ಅವರೆಕಾಳಿನಷ್ಟುದ್ದ,
ಸಕ್ಕರೆ ಬೆರೆತ ಅಗರ್ ಮೇಲೆ ನಿಲ್ಲಿಸುತ್ತೇನೆ.
ತಲೆ ಯಾವುದು ಬುಡ ಯಾವುದು ಮರೆಯಬಾರದು.
ಒಂದಕ್ಕೆ ನಾಲ್ಕು ಚಿಗುರು, ನಾಲ್ಕಕ್ಕೆ ಹದಿನಾರು,
ಮಗ್ಗಿ ಬಾರದ ನನ್ನ ಕೈಯಲ್ಲಿ
ಯುಗಾದಿಯ ಹೊತ್ತಿಗೆ ಆರು ಸಾವಿರ.

ತಾಯಿಗಿಡ ಹಿತ್ತಲಲ್ಲಿದೆ. ಅದಕ್ಕೇನೂ ಗೊತ್ತಿಲ್ಲ.
ನಾಯಿ ಅದರ ಬುಡದಲ್ಲಿ ಮಲಗುತ್ತದೆ.

ಆ ಮಂಗಳವಾರ ಐರಿನ್,
ಊರ ರೂಢಿಯಲ್ಲಿ ಈ ಗಿಡವನ್ನು ಕೇಪುಳ ಅನ್ನುವವಳು,
ಮಾಸ್ಕಿನೊಳಗಿಂದಲೇ ಸಾಹೇಬರ ಕೂದಲಿನ ಮಾತೆತ್ತಿದಳು:
ಫ್ಯಾನಿನಡಿ ಅದು ಒಂದೇ ಕಡೆ ಎದ್ದು ನಿಲ್ಲುತ್ತದಂತೆ.
ನಾನು ತಡೆದೆ. ತಡೆದದ್ದು ಮೂಗಿನಿಂದ ಬಂತು.

ಐದನೆಯ ದಿನ ಹನ್ನೆರಡು ಬಾಟಲಿಯಲ್ಲಿ ಬೂಷ್ಟು.
ಹತ್ತಿಯಷ್ಟು ಮೆತ್ತಗೆ, ನಡುವೆ ಹಸಿರು ಚುಕ್ಕಿ,
ನೋಡಲು ಚೆಂದವೇ ಇತ್ತು.
ಮುಚ್ಚಳ ತೆರೆಯದೆ ಬೇಯಿಸಿ ಚೆಲ್ಲಿದೆವು.
ರಿಜಿಸ್ಟರಿನಲ್ಲಿ ‘ಕಾರಣ’ ಎಂದಿದ್ದ ಕಡೆ
‘ತಿಳಿದಿಲ್ಲ’ ಎಂದು ಬರೆದು ಇಬ್ಬರೂ ಸಹಿ ಹಾಕಿದೆವು.

ಉಳಿದವು ಬೇರು ಬಿಟ್ಟವು.
ತೊಳೆದು, ತೆಂಗಿನ ನಾರಿನ ಪುಡಿಗೆ ಇಳಿಸಿ
ಮುನಿಯಲ್ಲಪ್ಪನಿಗೆ ಒಪ್ಪಿಸಿದೆವು.
ತಿಗಳರ ಮುದುಕ, ಕಡ್ಡಿಯ ತುದಿಗೆ ಸಗಣಿ ಮೆತ್ತಿ
ಅರ್ಧ ಊರಿನ ಬೇಲಿ ಚಿಗುರಿಸಿದವನು,
ಹಸಿರು ಬಲೆಯ ಕೆಳಗೆ, ಕಿವಿಯಲ್ಲಿ ಹಚ್ಚದ ಬೀಡಿ.
“ನಿಮ್ಮ ಗಾಜಿನ ಮಕ್ಕಳಿಗೆ ಬಾಯಿ ಮುಚ್ಚೋಕೆ ಬರಲ್ಲ ಕಣಮ್ಮ.”

ನಿಜ. ಬಾಟಲಿಯ ತೇವದಲ್ಲಿ ಬೆಳೆದದ್ದಕ್ಕೆ
ಬಾಯಾರಿಕೆ ಗೊತ್ತಿಲ್ಲ.
ಎಲೆಯಡಿಯ ಸಾವಿರ ಬಾಯಿ ತೆರೆದೇ ಇರುತ್ತವೆ;
ಬಯಲಿಗಿಟ್ಟರೆ ಮಧ್ಯಾಹ್ನದೊಳಗೆ
ಒಳಗಿನ ನೀರೆಲ್ಲ ಹೊರಗೆ.
ಪ್ಲಾಸ್ಟಿಕ್ ಹೊದಿಕೆಯನ್ನು ಮೊದಲ ವಾರ ಒಂದು ಬೆರಳು,
ಆಮೇಲೆ ಒಂದು ಗೇಣು ಎತ್ತುತ್ತಾನೆ ಆತ.
ಬೈಯುತ್ತಾನೆ ದಿನವಿಡೀ, ಎರಡು ಮೂರು ಭಾಷೆ ಬೆರೆಸಿ:
“ಬಿಸಿಲು ಬಂತು, ಮುಚ್ಚೇ. ಮುಚ್ಚೇ ಅಂದ್ರೆ.”
ಒಂದು ದಿನ ಮುಚ್ಚುತ್ತವೆ.

ಮರುವರ್ಷ ಅವು ಹೆಬ್ಬಾಳದಾಚೆ, ರಸ್ತೆಯ ನಡುಗೋಡೆಯಲ್ಲಿ,
ಒಂದೇ ಎತ್ತರ, ಒಂದೇ ಕೆಂಪು, ಮೈತುಂಬ ಲಾರಿಯ ಹೊಗೆ.
ಬಸ್ಸು ನಿಂತಾಗಲೆಲ್ಲ ಹುಡುಕುತ್ತೇನೆ:
ನಾನು ನಿಲ್ಲಿಸಿದ್ದು ಯಾವುದು, ಐರಿನ್ ನಿಲ್ಲಿಸಿದ್ದು ಯಾವುದು?
ಗೊತ್ತಾಗುವುದಿಲ್ಲ.
ಕಿಟಕಿ ಸರಿಸುತ್ತೇನೆ.
ಪಕ್ಕದ ಸೀಟಿನವರು ತಿರುಗುವಷ್ಟು ಜೋರಾಗಿ
ಸಾಹೇಬರ ಕೂದಲಿನ ಕತೆ ಶುರು ಮಾಡುತ್ತೇನೆ.
ಸಿಗ್ನಲ್ ಬಿಡುತ್ತದೆ,
ಫ್ಯಾನಿನ ಹತ್ತಿರ ಬರುವಷ್ಟರಲ್ಲಿ.