ಮೂರನೆಯ ಸಿಲಿಂಡರು

ಗೆರೆ ಮುಟ್ಟಲು ನೂರಡಿ ಬಾಕಿ ಇದ್ದಾಗ
ಕನೆಕ್ಟಿಂಗ್ ರಾಡು ಮುರಿದು
ಬ್ಲಾಕಿನ ಪಕ್ಕೆ ಸೀಳಿ ಹೊರಗೆ ಇಣುಕಿತು.

ಅದು ಆಗಸ್ಟು.
ಈಗ ಸಸ್ಕಾಚೆವಾನಿನ ಜನವರಿ; ಸ್ಪ್ಯಾನರು ಹಿಡಿದರೆ
ಬೆರಳಿಗೇ ಅಂಟಿಕೊಳ್ಳುವ ಚಳಿ.
ಅರ್ಮಾಂಡಜ್ಜ ಎಣ್ಣೆತಟ್ಟೆ ಬಿಚ್ಚಿ
ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಚೂರು ಆರಿಸುತ್ತಾನೆ:
‘ಇದು ಬೇರಿಂಗು. ಇದು ಪಿಸ್ಟನ್ನಿನ ಅಂಚು.
ಇದು... ಯಾರಪ್ಪಾ ನೀನು?’

ಗುಜರಿಯ ಹಾಲಿನ ಲಾರಿಯಿಂದ ಇನ್ನೊಂದು ಬ್ಲಾಕು ಬಂತು,
ಕೊರೆಸಿ, ತೊಳೆದು, ಕೂಸಿನಂತೆ ಒರೆಸಿದ್ದಾಯ್ತು.
ಕ್ರ್ಯಾಂಕು ಕೈಯಲ್ಲೇ ಸಲೀಸಾಗಿ ತಿರುಗುತ್ತದೆ.
ಗೇರು ತಪ್ಪಿದ್ದು ಹೇಗೆಂದು ಅಜ್ಜ ಕೇಳಿಲ್ಲ,
ಸ್ಟಿಯರಿಂಗ್ ಹಿಡಿದಿದ್ದ ಡೆಲ್ಫೀನ್ ಹೇಳಿಲ್ಲ.

ಏಳು ಕ್ಯಾಪು ಅವನೇ ಬಿಗಿದ.
ಮೂರನೆಯದಕ್ಕೆ ಟಾರ್ಕ್ ರೆಂಚು ಅವಳತ್ತ ನೂಕಿ
ಕಾಫಿ ಸುರುವಿಕೊಳ್ಳಲು ಹೋದ.
ಬೆನ್ನು ಮಾಡಿ ನಿಂತವನ ಕಿವಿ ಮಾತ್ರ
ಆ ‘ಟಕ್’ಗೆ ಕಾಯುತ್ತಿತ್ತು.