ಅರ್ಧ ಡೋಸು

ಇದ್ದಬದ್ದ ಹಲ್ಲನ್ನೆಲ್ಲ ಕಿತ್ತಿದ್ದಾರೆ,
ಎಡಗಡೆಯ ಒಂದು ಕೋರೆ ಬಿಟ್ಟು.
ಅದೊಂದನ್ನು ಯಾಕೆ ಉಳಿಸಿದರೋ ಡಾಕ್ಟರ್ ಯುತ್ರೋನಿಚ್‌ಗೇ ಗೊತ್ತು.
ಶೀಶೆಯಲ್ಲಿ ಹಾಕಿ ಕೊಟ್ಟ ಹಲ್ಲುಗಳನ್ನು
ಅಕ್ಕ ಕಿಟಕಿಯಲ್ಲಿಟ್ಟಿದ್ದಾಳೆ,
ಅಕ್ಕಿನುಚ್ಚಿನಷ್ಟೇ ಇವೆ.

ಬೆಕ್ಕಿನ ಹೆಸರು ಸೆನಿಸಾ. ಅಂದರೆ ಬೂದಿ.
ಹನ್ನೆರಡು ವರ್ಷ ಬೂದಿ ಮುಚ್ಚಿದ ಕೆಂಡವಾಗಿದ್ದು
ಈಗ ಬರೀ ಬೂದಿ,
ಒಲೆಯ ಪಕ್ಕ, ರಟ್ಟಿನ ಪೆಟ್ಟಿಗೆಯಲ್ಲಿ.
ಜೊಲ್ಲು ನಸುಗೆಂಪು.

ಪುಂತಾ ಅರೆನಾಸಿನಲ್ಲಿ ಬೇಸಿಗೆಯೆಂದರೆ ಗಾಳಿ.
ಪೇಟೆಯ ಮೂಲೆಗಳಲ್ಲಿ ಹಗ್ಗ ಕಟ್ಟುತ್ತಾರೆ
ಜನ ಹಿಡಿದು ನಡೆಯಲೆಂದು.
ಅಮ್ಮನ ಹೊಲಿಗೆ ಯಂತ್ರ ಮಾರಿದ್ದಕ್ಕೆ
ನಾಲ್ಕು ವರ್ಷ ನನ್ನ ಜೊತೆ ಮಾತು ಬಿಟ್ಟವಳು
ಹೋದ ಚಳಿಗಾಲ ಬಾಗಿಲು ತಟ್ಟಿ, ಹೊಸ್ತಿಲಲ್ಲೇ ನಿಂತು
‘ಸೂಜಿ ಹೇಗೆ ಚುಚ್ಚಬೇಕು ತೋರಿಸು’ ಅಂದಳು.
ಬೆಕ್ಕಿಗೆ ಸಕ್ಕರೆ ಕಾಯಿಲೆಯಂತೆ.
ನನಗೆ ಬಂದು ಹತ್ತೊಂಬತ್ತು ವರ್ಷ.
ಸೂಜಿಯ ಬಗ್ಗೆ ಅವಳು ಕೇಳಿದ್ದು ಅದೇ ಮೊದಲು.

ತೋರಿಸಿದೆ. ಚರ್ಮವನ್ನು ಗುಡಾರದ ಹಾಗೆ ಎತ್ತು,
ಸೂಜಿ ಬಾಗಿಲಿಂದ ಹೋಗಲಿ, ಗೋಡೆಯಿಂದಲ್ಲ.

ಬೆಕ್ಕಿಗೆ ಗಂಟೆ ಕಟ್ಟುವವರಾರು ಅನ್ನುತ್ತಾರಲ್ಲ,
ಇಲ್ಲಿ ಬೆಕ್ಕೇ ಕಟ್ಟಿದೆ ಎದುವಿನಾಳ ಕೊರಳಿಗೆ:
ಬೆಳಿಗ್ಗೆ ಏಳು, ಸಂಜೆ ಏಳು.
ಮದುವೆಗೆ ಹೋದರೂ ಆರೂವರೆಗೆ ಕೋಟು ಹುಡುಕುತ್ತಾಳೆ.

ಏಡಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ
ಮಾಂಸ ಹರಿಯದೆ ಚಿಪ್ಪು ಬಿಡಿಸಿದ ಬೆರಳು
ಬೆಂದ ಮೀನನ್ನು ಹೊಸಕುತ್ತದೆ, ಸೋಸುತ್ತದೆ,
ಮುಳ್ಳಿಲ್ಲ ಎಂದು ಗೊತ್ತಿದ್ದೂ ಇನ್ನೊಮ್ಮೆ ಸೋಸುತ್ತದೆ.
ಬೂದಿ ಮೂಸುತ್ತದೆ. ಮುಖ ತಿರುಗಿಸುತ್ತದೆ.
‘ಸರಿಯಾಗಿ ತಿನ್ನದಿದ್ದರೆ ಅರ್ಧ ಡೋಸು’
ಎಂದು ಚೀಟಿಯಲ್ಲಿದೆ.
ಮೂರು ಸಲ ನೆಕ್ಕಿದರೆ ತಿಂದ ಹಾಗೋ ಅಲ್ಲವೋ,
ಅದು ಚೀಟಿಯಲ್ಲಿಲ್ಲ.

ರಾತ್ರಿ ಮೂರಕ್ಕೆ ಫೋನು.
‘ನಲವತ್ತೊಂದು’ ಅಂದಳು, ಹಲೋ ಕೂಡ ಇಲ್ಲ.
‘ಕಿವಿ ಚುಚ್ಚಿ ನೋಡಿದೆ. ಎರಡು ಸಲ.’

ನಮ್ಮ ಬೀದಿಯಲ್ಲಿ ಹಗ್ಗವಿಲ್ಲ.
ಚಪ್ಪಲಿಯಲ್ಲೇ, ಬೇಲಿಯಿಂದ ಬೇಲಿಗೆ ಕೈ ದಾಟಿಸುತ್ತ
ಕೋಟಿನೊಳಗೆ ಜೇನಿನ ಬಾಟಲಿ ಅವುಚಿಕೊಂಡು ಹೋದೆ,
ಕದ್ದವಳ ಹಾಗೆ.

ಸಕ್ಕರೆ ಕಾಯಿಲೆಗೆ ಜೇನು!
ಒಸಡಿಗೆ ಹಚ್ಚಬೇಕು. ಒಸಡಿನ ತುಂಬ ಹೊಲಿಗೆ.
ದೀಪ ಹಿಡಿದೆ. ತುಟಿ ಎತ್ತಿದಳು.
ನೇರಳೆ ದಾರ, ಇರುವೆಯ ಹೆಜ್ಜೆಯಷ್ಟು.
‘ಅಮ್ಮನ ಯಂತ್ರವೂ ಇಷ್ಟು ಸಣ್ಣಗೆ ಹೊಲೀತಿರಲಿಲ್ಲ’ ಅಂದಳು.
ನಾನು ಉಸಿರೆತ್ತಲಿಲ್ಲ. ದೀಪ ಮಾತ್ರ ಸ್ವಲ್ಪ ಅಲುಗಿತು.
ದಾರವಿಲ್ಲದ ಕಡೆ, ಕೆನ್ನೆಯ ಒಳಗೆ,
ಜೇನು ಸವರಿದಳು. ಮತ್ತೆ ಸವರಿದಳು.

‘ಕಡಿಮೆಯಾದಾಗ ಹೇಗಿರುತ್ತೆ, ನೆಲ್ಡಾ?’

ಮೊದಲು ತುಟಿ ಜೋಮು ಹಿಡಿಯುತ್ತೆ.
ಆಮೇಲೆ ಸಿಟ್ಟು, ಎದುರಿಗೆ ಸಿಕ್ಕವರ ಮೇಲೆ.
ಆಮೇಲೆ ಯಾವುದೂ ಬೇಡ ಅನ್ನಿಸುತ್ತೆ.
ಭಯ ಅಲ್ಲಿರೋದು, ಅಕ್ಕ:
ಬೇಡ ಅನ್ನಿಸೋದು ಹಾಯಾಗಿರುತ್ತೆ.

ಅವಳು ನನ್ನನ್ನೇ ನೋಡಿದಳು.
ಬೆರಳು ಬೆಕ್ಕಿನ ಬಾಯಲ್ಲೇ ಇತ್ತು.
ಆಗಲೇ ಅದು ಕಚ್ಚಿದ್ದು,
ಇರುವ ಒಂದೇ ಕೋರೆಯನ್ನು ಬೇರಿನವರೆಗೆ ಊರಿ.
‘ಕಚ್ಚಿತು!’ ಅಂತ ಕೂಗಿದಳು ಎದುವಿನಾ,
ರಕ್ತ ಸುರಿಯುತ್ತಿದ್ದ ಬೆರಳನ್ನು ಉಂಗುರ ತೋರಿಸುವವಳಂತೆ ಎತ್ತಿ.
‘ನೋಡೇ, ಕಚ್ಚಿತು ಕಣೇ!’

ನಾಲ್ಕೂವರೆಗೆ ಜಲಸಂಧಿಯ ಮೇಲೆ ಬೆಳಕು ಬಂತು.
ಗಾಳಿ ನಿಲ್ಲಲಿಲ್ಲ, ಅದು ಫೆಬ್ರವರಿಗೆ ಮುಂಚೆ ನಿಲ್ಲುವುದಿಲ್ಲ.
ಬೂದಿ ಎದ್ದು, ಓಲಾಡಿ, ಮೀನಿನ ಗಂಜಿ ನೆಕ್ಕಿತು,
ಕಣ್ಣು ಮುಚ್ಚಿಕೊಂಡು,
ಯಾರೂ ನೋಡುತ್ತಿಲ್ಲವೆಂಬಂತೆ.
ನಾವು ನೋಡುತ್ತಿದ್ದೆವು. ಎಣಿಸುತ್ತಿದ್ದೆವು.

ಅದರ ಕಿವಿ ಚುಚ್ಚಿದ ಮೇಲೆ
ಹೊಸ ಸೂಜಿ ತೆಗೆದು ‘ನಿನ್ನ ಕೈ ಕೊಡು’ ಅಂದಳು.
ಬೆಕ್ಕಿನ ನೋಟುಬುಕ್ಕಿನಲ್ಲಿ, ಒಂದರ ಕೆಳಗೊಂದು, ಬರೆದಳು:
ಸೆನಿಸಾ ತೊಂಬತ್ತಾರು.
ನೆಲ್ಡಾ ಇನ್ನೂರಾ ಹನ್ನೆರಡು.
‘ಜೇನು ನೆಕ್ಕಿದೆಯಾ?’
‘ಇಲ್ಲ, ಬೆರಳಿಗೆ ಅಂಟಿತ್ತು.’
‘ಸುಳ್ಳು’ ಅಂದಳು.
‘ಹೋಗು, ತೊಳೆದುಕೊಂಡು ಬಾ. ಮತ್ತೆ ನೋಡೋಣ.’