ಪೊರಕೆ ಲೆಕ್ಕ

ಜನವರಿ ಮುಗಿಯುವ ಮೊದಲೇ ಶುರು ನನ್ನ ನೋಟ್‌ಬುಕ್ಕು.
ಮೇಲ್ಗಡೆ ಶ್ರೀ, ಅದರ ಕೆಳಗೊಂದು ಗೆರೆ:
ಕಡ್ಡಿಪೊರಕೆ ನಲವತ್ತು, ಮಂಕರಿ ಹದಿನೆಂಟು, ಹಾರೆ ಆರು,
ಸುಣ್ಣ ಎರಡು ಮೂಟೆ (ಹೋದ ಸಲದ್ದು ಕಲ್ಲಾಗಿದೆ),
ಉಪ್ಪಿಟ್ಟಿನ ರವೆ ಕೊಬ್ಬರಿ ಮಂಡಿ ಗಂಗಾಧರಪ್ಪನವರದು.
ಕೊಡುತ್ತಾರೆ. ಕೊಟ್ಟಿದ್ದನ್ನು ಮೈಕಿನಲ್ಲಿ ಎರಡು ಸಲ ಹೇಳಬೇಕು.

ಹನ್ನೊಂದು ವರ್ಷವಾಯಿತು. ಅರಸೀಕೆರೆಯಲ್ಲಿ
ಫೆಬ್ರವರಿಯ ಎರಡನೇ ಭಾನುವಾರ ಅಂದರೆ
ಬಸ್ ಸ್ಟ್ಯಾಂಡಿನಿಂದ ರೈಲ್ವೆ ಗೇಟಿನ ತನಕ
ಊರು ಊರನ್ನೇ ಗುಡಿಸುವ ದಿನ.
ಯಾರಿಗೂ ಕೂಲಿಯಿಲ್ಲ, ಯಾರಿಗೂ ಶಾಲಿಲ್ಲ
ಎಂದು ಮೊದಲ ಪುಟದಲ್ಲೇ ಬರೆದುಕೊಂಡಿದ್ದೆ.
ಶಾಲಿನ ವಿಷಯದಲ್ಲಿ ಮೂರು ಸಲ ಸೋತಿದ್ದೇನೆ.

ಬರುತ್ತೇವೆಂದವರು ನೂರಾ ಇಪ್ಪತ್ತು. ಬಂದವರು ಐವತ್ತಮೂರು.
ಮೆಕ್ಯಾನಿಕ್ ಮುಸ್ತಾಕ್ ಬಂದ, ಗ್ರೀಸಿನ ಕೈ ತಿಕ್ಕಿ ತೊಳೆದುಕೊಂಡು;
ಕೊಳೆಗೆ ಇಳಿಯಲು ಕೈ ತೊಳೆದು ಬಂದವನು ಅವನೊಬ್ಬ.
ಜೂನಿಯರ್ ಕಾಲೇಜಿನ ಹುಡುಗಿಯರು
ಇಬ್ಬರಿಗೊಂದರಂತೆ ಟೋಪಿ ಹಂಚಿಕೊಂಡರು.
ರಿಟೈರ್ಡ್ ಗಾರ್ಡ್ ಆರೋಗ್ಯಸ್ವಾಮಿ ಹಸಿರು ಬಾವುಟ ಬೀಸಿ
ಆರೂ ಹತ್ತಕ್ಕೆ ದಿನವನ್ನು ಹೊರಡಿಸಿದರು.
ಅವರ ಸರ್ವಿಸಿನಲ್ಲಿ ಇಷ್ಟು ಕರಾರುವಾಕ್ಕಾಗಿ
ಯಾವ ಗಾಡಿಯೂ ಹೊರಟಿರಲಿಲ್ಲವಂತೆ.

ಈ ಸಲದ ಹೊಸ ಯೋಚನೆ ನನ್ನದೇ:
ದಿನಾ ಗುಡಿಸುವವರು ಇವತ್ತೊಂದು ದಿನ ಕೂರಲಿ.
ನಗರಸಭೆಯ ಏಳು ಜನ ಹೆಂಗಸರಿಗೆ
ಪೆಟ್ರೋಲ್ ಬಂಕಿನೆದುರು ಶಾಮಿಯಾನ, ಏಳು ಕೆಂಪು ಕುರ್ಚಿ.
ಕಾಫಿ ಕೊಟ್ಟೆವು, ಲೋಟ ನಾವೇ ಎತ್ತಿದೆವು.
ಫೋಟೋ ಕೂಡ ಬೇಡವೆಂದೆ. (ಒಂದು ತೆಗೆದರು.)

ಕೂತರು, ಕುರ್ಚಿಯ ತುದಿಯಲ್ಲಿ,
ಯಾರೋ ಏಳು ಅನ್ನುವುದನ್ನೇ ಕಾಯುವವರ ಹಾಗೆ.
ಬ್ಯಾಂಕ್ ಮ್ಯಾನೇಜರು ಗುಡಿಸಿದರು. ಧೂಳೆದ್ದು
ಹೂವಿನಂಗಡಿ ಮೇಲೆ ಕೂತು, ಅಲ್ಲಿಂದೆದ್ದು
ಮತ್ತೆ ಮ್ಯಾನೇಜರ ಮೇಲೆಯೇ ಬಂತು.
ಓಬಳಮ್ಮ ಸೆರಗು ಬಾಯಿಗಿಟ್ಟುಕೊಂಡಳು.
ಧೂಳಿಗೆ ಅಂದುಕೊಂಡೆ.
ನಗುತ್ತಿದ್ದಳು.

"ಗಾಳಿ ಯಾ ಕಡೆಯಿಂದ ಬತ್ತದೆ ನೋಡ್ಕಂಡು ನಿಂತ್ಕಳಿ ಸ್ವಾಮಿ,
ಗಾಳಿಗೆ ಬೆನ್ನು ಕೊಡಿ. ಪೊರಕೆ ಎತ್ತಬ್ಯಾಡಿ, ಎಳೀರಿ.
ನೆಲಕ್ಯಾಕೆ ಹೊಡೀತೀರಿ, ಅದೇನು ತಪ್ಪು ಮಾಡೈತೆ?"

ಎದ್ದೇಬಿಟ್ಟಳು. ಅವಳ ಹಿಂದೆ ಮಿಕ್ಕ ಆರೂ ಜನ.
ನಾನು ಓಡಿಹೋದೆ: ಇವತ್ತು ನೀವು ಮುಟ್ಟಬಾರದು ಓಬಳಮ್ಮ,
ಇವತ್ತು ನಮ್ಮದು, ಇವತ್ತು ಸೇವೆ.
ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ
ನನ್ನ ಮುಖವನ್ನೇ ನೋಡಿದಳು.
"ನಿಮ್ದು ಸೇವೆ, ಸರಿ ಕಣವ್ವ.
ನಂಗೆ ಮೂರು ತಿಂಗಳಿಂದ ಸಂಬಳ ಆಗಿಲ್ಲ.
ಹಂಗಾರೆ ನಂದೂ ಸೇವೇನೇ ಅಲ್ವ?"

ಸಿಟ್ಟಿರಲಿಲ್ಲ ಮಾತಿನಲ್ಲಿ. ಲೆಕ್ಕ ಕೇಳುವ ದನಿ,
ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ನೋಡುವವರದು.
ಅಷ್ಟರಲ್ಲಿ ಮೈಕು, ಗಂಗಾಧರಪ್ಪನವರನ್ನು
ಎರಡನೇ ಸಲ ಹೊಗಳಿತು.

ಸಂಜೆ ಶಾಮಿಯಾನ ಇಳಿಸುವಾಗ ಎಣಿಸಿದೆ.
ಹತ್ತು ವರ್ಷವೂ ಪೊರಕೆ ಕಡಿಮೆಯೇ ಬಿದ್ದಿದೆ:
ಐದು, ಏಳು, ಒಂದು ವರ್ಷ ಹದಿಮೂರು.
ಈ ಸಲ ನಲವತ್ತು ಹೋಗಿ ನಲವತ್ತೊಂದು ಬಂದಿವೆ.
ಹೆಚ್ಚಿನದು ಸವೆದು ಮೊಳದುದ್ದ ಉಳಿದದ್ದು,
ಹಿಡಿಗೆ ಹಳೇ ರವಿಕೆಯ ಬಟ್ಟೆ ಸುತ್ತಿ
ಸೈಕಲ್ ಟ್ಯೂಬಿನಿಂದ ಬಿಗಿದದ್ದು.
ಹಿಡಿದು ನೋಡಿದೆ. ನನ್ನ ಕೈಗೆ ಕೂರಲಿಲ್ಲ.

ನೋಟ್‌ಬುಕ್ಕಿನ ಹೊಸ ಪುಟ. ಶ್ರೀ. ಗೆರೆ.
ಸೋಮವಾರ ಹತ್ತೂವರೆ, ನಗರಸಭೆ ಮೆಟ್ಟಿಲು.
ಮುಸ್ತಾಕ್ ಬರುತ್ತಾನೆ. ಆರೋಗ್ಯಸ್ವಾಮಿ ಬಾವುಟದ ಸಮೇತ.
ಹುಡುಗಿಯರನ್ನು ಪ್ರಿನ್ಸಿಪಾಲರು ಬಿಟ್ಟರೆ.
ಗಂಗಾಧರಪ್ಪನವರ ಹೆಸರು ಬರೆದು, ಮುಂದೊಂದು ಪ್ರಶ್ನೆ ಹಾಕಿ,
ಪೆನ್ನು ಮುಚ್ಚಿದೆ.

ಅದಕ್ಕಿಂತ ಮೊದಲು, ಬೆಳಗಿನ ಜಾವ ಐದರೊಳಗೆ
ಈ ಪೊರಕೆ ಅವಳ ಮನೆ ತಲುಪಬೇಕು.
ಮನೆ ಎಲ್ಲಿ ಅಂತ,
ಹನ್ನೊಂದು ವರ್ಷದ ಪುಟ ತಿರುವಿ ಹುಡುಕಿದೆ.